ಬಿಮಲ್ ರಾಯ್: ಜಮೀನ್ದಾರನ ಮಗ ಬರೆದ ರೈತನ ಲೆಕ್ಕ

2025ರ ಸೆಪ್ಟೆಂಬರ್‌ನಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ 72 ವರ್ಷ ಹಳೆಯ ಹಿಂದಿ ಸಿನಿಮಾವೊಂದನ್ನು ತೋರಿಸಿದರು. 4ಕೆ ಗುಣಮಟ್ಟದಲ್ಲಿ ಹೊಸ ಜೀವ ಪಡೆದು ಬಂದಿದ್ದ ಆ ಸಿನಿಮಾ 'ದೋ ಬಿಘಾ ಜಮೀನ್'. ಸಾಲ, ಕೋರ್ಟು, ಹರಾಜು, ಊರು ಬಿಟ್ಟು ಪಟ್ಟಣ ಸೇರುವ ರೈತ, ಕೊನೆಗೆ ಅವನ ಹೊಲದ ಮೇಲೆ ಏಳುವ ಕಾರ್ಖಾನೆ. ಇಷ್ಟೇ ಅದರ ಕತೆ.

ಆ ಪ್ರದರ್ಶನಕ್ಕೆ ಎರಡು ತಿಂಗಳು ಇರುವಾಗ, ಜುಲೈ 15ರಂದು, ನಮ್ಮಲ್ಲಿ ಒಂದು ಘೋಷಣೆ ಆಗಿತ್ತು. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಮಿಯನ್ನು ಏರೋಸ್ಪೇಸ್ ಪಾರ್ಕಿಗೆ ವಶಪಡಿಸಿಕೊಳ್ಳುವ ಯೋಜನೆಯನ್ನು ಕೈಬಿಡುವುದಾಗಿ ರಾಜ್ಯ ಸರ್ಕಾರ ಹೇಳಿತ್ತು. ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ರೈತರು ಗೆದ್ದಿದ್ದರು. ಈ ಎರಡು ಸುದ್ದಿಗಳಿಗೆ ನೇರ ಸಂಬಂಧ ಏನೂ ಇಲ್ಲ. ಆದರೆ ದೇವನಹಳ್ಳಿಯ ಹೋರಾಟವನ್ನು ಗಮನಿಸುತ್ತಾ ಬಂದವರಿಗೆ 1953ರ ಆ ಸಿನಿಮಾ ಹಳೇದು ಅನ್ನಿಸೋದು ಕಷ್ಟ.

ಅದನ್ನು ಮಾಡಿದ ಬಿಮಲ್ ರಾಯ್ ಹೋರಾಟಗಾರರಲ್ಲ. ಭಾಷಣ ಮಾಡುವವರಂತೂ ಅಲ್ಲವೇ ಅಲ್ಲ. ಸೆಟ್ಟಿನಲ್ಲಿ ದನಿ ಎತ್ತದ, ಮಾತಿಗಿಂತ ಮೌನವೇ ಜಾಸ್ತಿ ಇದ್ದ ಮನುಷ್ಯ ಅಂತ ಅವರ ಜೊತೆ ಕೆಲಸ ಮಾಡಿದವರೆಲ್ಲ ನೆನಪಿಸಿಕೊಂಡಿದ್ದಾರೆ. ಇನ್ನೊಂದು ವಿಷಯ. ಅವರು ರೈತನ ಮಗ ಅಲ್ಲ, ಜಮೀನ್ದಾರನ ಮಗ.

ಸುವಾಪುರದಿಂದ ಕಲ್ಕತ್ತಕ್ಕೆ

ಬಿಮಲ್ ರಾಯ್ ಹುಟ್ಟಿದ್ದು 1909ರ ಜುಲೈ 12ರಂದು, ಢಾಕಾ ಜಿಲ್ಲೆಯ ಸುವಾಪುರದಲ್ಲಿ. ಅದು ಇವತ್ತಿನ ಬಾಂಗ್ಲಾದೇಶ. ಅಪ್ಪನ ಮನೆ ಜಮೀನ್ದಾರಿಕೆಯದು. 1793ರಲ್ಲಿ ಕಾರ್ನ್‌ವಾಲಿಸ್ ತಂದ ಖಾಯಂ ಜಮೀನ್ದಾರಿ ಪದ್ಧತಿ ಬಂಗಾಳದಲ್ಲಿ ಹುಟ್ಟುಹಾಕಿದ ಸಾವಿರಾರು ಮನೆತನಗಳಲ್ಲಿ ಇದೂ ಒಂದು. ಈ ವ್ಯವಸ್ಥೆಯಲ್ಲಿ ಉಳುವವನು ಒಬ್ಬ, ಕಂದಾಯ ಎತ್ತುವವನು ಇನ್ನೊಬ್ಬ, ಲೆಕ್ಕ ಬರೆಯುವವನು ಮೂರನೆಯವನು. ಬಹಳ ಸಲ ನಿಜವಾದ ಅಧಿಕಾರ ಇರುತ್ತಿದ್ದುದು ಆ ಮೂರನೆಯವನ ಕೈಯಲ್ಲಿ.

ಅದು ಬಿಮಲ್ ರಾಯ್ ಮನೆಗೇ ಅನುಭವಕ್ಕೆ ಬಂತು. ಅಪ್ಪ ತೀರಿಕೊಂಡ ಮೇಲೆ ಎಸ್ಟೇಟಿನ ಮ್ಯಾನೇಜರ್ ಆಸ್ತಿಯನ್ನು ತನ್ನ ಕೈವಶ ಮಾಡಿಕೊಂಡು ಮನೆಯವರನ್ನು ಬೀದಿಗೆ ತಂದ ಅಂತ ಅವರ ಕುಟುಂಬ ಹೇಳಿಕೊಂಡು ಬಂದಿದೆ. ವಿಧವೆ ತಾಯಿ, ತಮ್ಮಂದಿರನ್ನು ಕಟ್ಟಿಕೊಂಡು ಹುಡುಗ ಬಿಮಲ್ ಕಲ್ಕತ್ತಕ್ಕೆ ಬಂದರು. ನಿನ್ನೆವರೆಗೆ ಊರಿನ ಒಡೆಯರು, ಇವತ್ತು ಪಟ್ಟಣದಲ್ಲಿ ಕೆಲಸ ಹುಡುಕುವವರು.

ಇಂಥ ಅನುಭವದಿಂದ ಒಬ್ಬ ಕಲಾವಿದ ಎರಡು ದಾರಿ ಹಿಡಿಯಬಹುದಿತ್ತು. ಒಂದು, ಕಳೆದುಹೋದ ದೊಡ್ಡಮನೆಯ ವೈಭವಕ್ಕಾಗಿ ಕೊರಗೋದು. ಹಾಗೆ ಕೊರಗಿದ ಸಿನಿಮಾ, ಕಾದಂಬರಿಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಇನ್ನೊಂದು, ಸುಳ್ಳು ಲೆಕ್ಕ ತನ್ನ ಮನೆಯನ್ನೇ ಹೀಗೆ ಹೊರಹಾಕಿದರೆ ಓದು ಬರಹ ಬಾರದ ಗೇಣಿದಾರನನ್ನು ಏನು ಮಾಡಿರಬಹುದು ಅಂತ ಯೋಚಿಸೋದು. ಬಿಮಲ್ ರಾಯ್ ಹಿಡಿದದ್ದು ಎರಡನೆಯ ದಾರಿ. ಅವರ ಬದುಕಿನ ಅತಿ ದೊಡ್ಡ ರಾಜಕೀಯ ಆಯ್ಕೆ ಇದೇ ಅಂತ ನನಗೆ ಅನ್ನಿಸುತ್ತೆ.

ಮೊದಲು ಕ್ಯಾಮೆರಾ

ಕಲ್ಕತ್ತದಲ್ಲಿ ಅವರಿಗೆ ಆಸರೆ ಆಗಿದ್ದು ಬಿ.ಎನ್. ಸರ್ಕಾರ್ 1931ರಲ್ಲಿ ಶುರು ಮಾಡಿದ ನ್ಯೂ ಥಿಯೇಟರ್ಸ್. ಅಲ್ಲಿ ನಿತಿನ್ ಬೋಸ್ ಅವರ ಕೈಕೆಳಗೆ ಕ್ಯಾಮೆರಾ ಸಹಾಯಕರಾಗಿ ಕೆಲಸ ಕಲಿತರು. ಪಿ.ಸಿ. ಬರುವಾ ನಿರ್ದೇಶಿಸಿದ, ಕೆ.ಎಲ್. ಸೈಗಲ್ ನಟಿಸಿದ 1935ರ 'ದೇವದಾಸ್'ಗೆ ಛಾಯಾಗ್ರಹಣ ಮಾಡಿದರು. ಇಪ್ಪತ್ತು ವರ್ಷದ ನಂತರ ಅದೇ ಕತೆಯನ್ನು ದಿಲೀಪ್ ಕುಮಾರ್ ಅವರನ್ನು ಹಾಕಿಕೊಂಡು ತಾವೇ ನಿರ್ದೇಶಿಸಿದರು.

ಕ್ಯಾಮೆರಾದಿಂದ ಬಂದ ನಿರ್ದೇಶಕರಿಗೆ ಒಂದು ಅನುಕೂಲ ಇರುತ್ತೆ. ಮಾತಿನಲ್ಲಿ ಹೇಳಬೇಕಾದ್ದನ್ನು ಚಿತ್ರದಲ್ಲಿ ಹೇಳೋಕೆ ಸಾಧ್ಯವಾ ಅಂತ ಅವರು ಮೊದಲು ನೋಡ್ತಾರೆ. ಬಿಮಲ್ ರಾಯ್ ಮದುವೆಯಾದ ಮನೋಬೀನಾ ಅವರೂ ಹೆಸರಾಂತ ಫೋಟೋಗ್ರಾಫರ್. ಮನೆಯಲ್ಲೂ ಕ್ಯಾಮೆರಾ, ಹೊರಗೂ ಕ್ಯಾಮೆರಾ.

1944ರಲ್ಲಿ ಅವರು ನಿರ್ದೇಶಿಸಿದ ಬಂಗಾಳಿ ಸಿನಿಮಾ 'ಉದಯೇರ್ ಪಥೇ' ಬಂತು. ಸಿರಿವಂತ ಉದ್ಯಮಿಯ ವಿರುದ್ಧ, ಕಾರ್ಮಿಕರ ಪರವಾಗಿ ನಿಲ್ಲುವ ಬಡ ಬರಹಗಾರನ ಕತೆ ಅದು. ಬಂದ ಕಾಲವನ್ನೂ ಗಮನಿಸಿ. ಹಿಂದಿನ ವರ್ಷವಷ್ಟೇ ಬಂಗಾಳದ ಬರಗಾಲದಲ್ಲಿ ಹಳ್ಳಿಗಳು ಖಾಲಿಯಾಗಿ, ಅನ್ನದ ಗಂಜಿ ಕೇಳುತ್ತಾ ಜನ ಕಲ್ಕತ್ತದ ಬೀದಿಯಲ್ಲಿ ಸತ್ತಿದ್ದರು. ಆ ಬರಗಾಲ ಮತ್ತು ಅದರ ಬೆನ್ನಿಗೆ ಬಂದ ರೋಗಗಳಿಗೆ ಬಲಿಯಾದವರು ಸುಮಾರು 30 ಲಕ್ಷ ಅಂತ ಅಂದಾಜಿದೆ. ಮನೆಬಾಗಿಲಲ್ಲಿ ಅಂಥ ಸಾವು ಕಂಡಿದ್ದ ಊರು ಈ ಸಿನಿಮಾವನ್ನು ಕೈಹಿಡಿದು ಗೆಲ್ಲಿಸಿತು.

ಮುಂದೆ ದೇಶ ವಿಭಜನೆ ಆಯ್ತು. ಪೂರ್ವ ಬಂಗಾಳದ ಚಿತ್ರಮಂದಿರಗಳು ಬೇರೆ ದೇಶಕ್ಕೆ ಹೋದವು, ಕಲ್ಕತ್ತದ ಚಿತ್ರೋದ್ಯಮಕ್ಕೆ ಮಾರುಕಟ್ಟೆಯ ದೊಡ್ಡ ಪಾಲು ತಪ್ಪಿತು, ನ್ಯೂ ಥಿಯೇಟರ್ಸ್ ಸೊರಗಿತು. 1950ರ ಹೊತ್ತಿಗೆ ಬಿಮಲ್ ರಾಯ್ ತಮ್ಮ ತಂಡ ಕಟ್ಟಿಕೊಂಡು ಬಾಂಬೆಗೆ ಹೊರಟರು. ಹೃಷಿಕೇಶ್ ಮುಖರ್ಜಿ, ನವೇಂದು ಘೋಷ್, ಅಸಿತ್ ಸೇನ್ ಎಲ್ಲ ಆ ಗುಂಪಿನವರೇ. ಹುಟ್ಟೂರು ಕಳೆದುಕೊಂಡವರು ಎರಡನೇ ಊರನ್ನೂ ಬಿಟ್ಟರು. ಹೊಟ್ಟೆಪಾಡಿಗೆ ಊರು ಬಿಡೋದು ಅಂದ್ರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

26 ಗುಂಟೆಯ ಕತೆ

1952ರ ಜನವರಿಯಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ಬಾಂಬೆಯಲ್ಲಿ ನಡೆಯಿತು. ಇಟಲಿಯ ವಿಟ್ಟೋರಿಯೊ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' ಅಲ್ಲಿ ಪ್ರದರ್ಶನವಾಯ್ತು. ಕೆಲಸಕ್ಕೆ ಬೇಕಾದ ಸೈಕಲ್ಲು ಕಳ್ಳತನವಾದಾಗ ಅಪ್ಪ ಮಗ ಇಡೀ ರೋಮ್ ನಗರ ಅಲೆಯುವ ಸಿನಿಮಾ. ಸ್ಟುಡಿಯೋದ ಒಳಗೆ ಬೀದಿಯ ಸೆಟ್ಟು ಹಾಕುತ್ತಿದ್ದ ನಮ್ಮವರಿಗೆ ಬೀದಿಗೇ ಕ್ಯಾಮೆರಾ ಒಯ್ಯಬಹುದು ಅನ್ನೋದು ಕಣ್ಣಿಗೆ ಕಂಡ ಗಳಿಗೆ ಅದು. ಬಿಮಲ್ ರಾಯ್ ಸ್ವಂತ ಸಂಸ್ಥೆ ಕಟ್ಟಿದರು. ಅದರ ಮೊದಲ ಸಿನಿಮಾ 'ದೋ ಬಿಘಾ ಜಮೀನ್'.

ಕತೆ ಸಲಿಲ್ ಚೌಧರಿ ಅವರದು. ರೈತ ಚಳವಳಿಗಳ ಜೊತೆ ಓಡಾಡಿದ, ಇಪ್ಟಾಗೆ ಹಾಡು ಕಟ್ಟಿದ ಸಂಗೀತಗಾರ. ಚಿತ್ರಕಥೆ ಮತ್ತು ಸಂಕಲನ ಹೃಷಿಕೇಶ್ ಮುಖರ್ಜಿ ಅವರದು. ಹೆಸರು ಬಂದಿದ್ದು ಮಾತ್ರ ಟ್ಯಾಗೋರರ ಒಂದು ಕವಿತೆಯಿಂದ. 1890ರ ದಶಕದ ಆ ಕವಿತೆಯಲ್ಲಿ ಜಮೀನ್ದಾರ ತನ್ನ ತೋಟವನ್ನು ಚೌಕ ಮಾಡಿಕೊಳ್ಳೋಕೆ ಬಡವನೊಬ್ಬನ ಎರಡು ಬಿಘಾವನ್ನು ಸುಳ್ಳು ಸಾಲದ ಡಿಕ್ರಿ ತಂದು ಕಿತ್ತುಕೊಳ್ಳುತ್ತಾನೆ. ಆಗ ಟ್ಯಾಗೋರರು ಪೂರ್ವ ಬಂಗಾಳದಲ್ಲಿ ತಮ್ಮ ಮನೆತನದ ಜಮೀನ್ದಾರಿಯನ್ನೇ ನೋಡಿಕೊಳ್ಳುತ್ತಿದ್ದರು. ಜಮೀನ್ದಾರಿ ಮನೆಯ ಒಬ್ಬರು ಬರೆದ ಕವಿತೆ, ಅರವತ್ತು ವರ್ಷದ ಆಚೆ ಇನ್ನೊಬ್ಬ ಜಮೀನ್ದಾರನ ಮಗನ ಸಿನಿಮಾಕ್ಕೆ ಹೆಸರಾಯ್ತು.

ಎರಡು ಬಿಘಾ ಅಂದ್ರೆ ಎಷ್ಟು? ಬಂಗಾಳದ ಅಳತೆಯಲ್ಲಿ ಒಂದು ಬಿಘಾ ಸುಮಾರು ಎಕರೆಯ ಮೂರನೇ ಒಂದು ಭಾಗ. ನಮ್ಮ ಲೆಕ್ಕಕ್ಕೆ ತಂದರೆ ಎರಡು ಬಿಘಾ ಹೆಚ್ಚುಕಮ್ಮಿ 26 ಗುಂಟೆ. ಮುಕ್ಕಾಲು ಎಕರೆಯೂ ಇಲ್ಲ.

ಸಿನಿಮಾದ ಶಂಭು ಮಹತೋ ಹತ್ತಿರ ಇರೋದು ಇಷ್ಟೇ. ಬರದ ನಂತರ ಮಳೆ ಬಿದ್ದು ಊರು ಕುಣಿಯುತ್ತಿದೆ. ಅಷ್ಟರಲ್ಲಿ ಜಮೀನ್ದಾರ ಪಟ್ಟಣದ ಉದ್ಯಮಿಗಳ ಜೊತೆ ಸೇರಿ ಮಿಲ್ ಕಟ್ಟೋಕೆ ಹೊರಡುತ್ತಾನೆ. ಅವನ ವಿಶಾಲವಾದ ಭೂಮಿಯ ನಡುವೆ ಶಂಭುವಿನ ತುಂಡು ಸಿಕ್ಕಿಕೊಂಡಿದೆ. ಮಾರು ಅಂತಾನೆ. ಶಂಭು ಒಪ್ಪಲ್ಲ. ಹಾಗಾದ್ರೆ ಸಾಲ ತೀರಿಸು ಅಂತಾನೆ. ಶಂಭುವಿನ ಲೆಕ್ಕದಲ್ಲಿ ಸಾಲ 65 ರೂಪಾಯಿ. ಹೆಂಡತಿಯ ಕಿವಿಯೋಲೆವರೆಗೆ ಎಲ್ಲ ಮಾರಿ ಹಣ ತಂದರೆ, ಜಮೀನ್ದಾರನ ಲೆಕ್ಕದ ಪುಸ್ತಕ 235 ರೂಪಾಯಿ ತೋರಿಸುತ್ತೆ. ವಿಷಯ ಕೋರ್ಟಿಗೆ ಹೋಗುತ್ತೆ. ಕೋರ್ಟು ನಂಬೋದು ಪುಸ್ತಕವನ್ನು. ಮೂರು ತಿಂಗಳಲ್ಲಿ ಹಣ ಕಟ್ಟು, ಇಲ್ಲದಿದ್ದರೆ ಹರಾಜು.

ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ಇರೋಕಾಗಲ್ಲ. 235 ರೂಪಾಯಿಯನ್ನು 90 ದಿನಕ್ಕೆ ಭಾಗಿಸಿದರೆ ದಿನಕ್ಕೆ ಎರಡು ರೂಪಾಯಿ ಹತ್ತಾಣೆ. ಅದು ದುಡಿಮೆ ಅಲ್ಲ, ಉಳಿತಾಯ. ಊಟ, ಬಾಡಿಗೆ, ರಿಕ್ಷಾ ಮಾಲೀಕನ ಪಾಲು, ಕಾಯಿಲೆ ಕಸಾಲೆ ಎಲ್ಲ ಕಳೆದ ಮೇಲೆ ಒಂದು ದಿನವೂ ತಪ್ಪದೆ ಇಷ್ಟು ಮಿಗಬೇಕು. ಅಂದರೆ ಗಡುವು ಕೊಟ್ಟ ದಿನವೇ ಜಮೀನು ಹೋಗಿದೆ. ಉಳಿದ ಸಿನಿಮಾ ಪೂರ್ತಿ ಈ ಭಾಗಾಕಾರದ ಶೇಷ.

ಇಲ್ಲಿ ಯಾರೂ ಗುಡಿಸಲಿಗೆ ಬೆಂಕಿ ಹಚ್ಚಲ್ಲ. ಗೂಂಡಾಗಳು ಬರಲ್ಲ. ಎಲ್ಲವೂ ಕಾನೂನಿನ ಪ್ರಕಾರ ನಡೆಯುತ್ತೆ. ಗುಮಾಸ್ತ ತಿದ್ದಿದ ಒಂದು ಅಂಕಿ, ನ್ಯಾಯಾಧೀಶನ ಒಂದು ಆದೇಶ, ಹರಾಜಿನ ಒಂದು ಕೂಗು. ಬಿಮಲ್ ರಾಯ್ ಕಂಡುಕೊಂಡ ಸತ್ಯ ಇದು. ಭೂಮಿ ಕೈತಪ್ಪೋದು ಮೊದಲು ಕಾಗದದ ಮೇಲೆ, ನೆಲದ ಮೇಲೆ ಆಮೇಲೆ. ಸುವಾಪುರದಲ್ಲಿ ಅವರ ಮನೆಗೂ ಆಗಿದ್ದು ಹೆಚ್ಚುಕಡಿಮೆ ಇದೇ.

ರಿಕ್ಷಾ ಎಳೆದ ಬಿಬಿಸಿ ಉದ್ಘೋಷಕ

ಶಂಭುವಿನ ಪಾತ್ರಕ್ಕೆ ಬಲರಾಜ್ ಸಾಹ್ನಿ ಅಂದಾಗ ಅನುಮಾನಪಟ್ಟವರೇ ಹೆಚ್ಚು. ಲಾಹೋರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರು, ಶಾಂತಿನಿಕೇತನದಲ್ಲಿ ಪಾಠ ಹೇಳಿದವರು, ಲಂಡನ್ನಿನ ಬಿಬಿಸಿಯಲ್ಲಿ ಹಿಂದಿ ಉದ್ಘೋಷಕರಾಗಿದ್ದವರು. ಆದರೆ ಅವರು ಕಮ್ಯುನಿಸ್ಟ್ ಕಾರ್ಯಕರ್ತರೂ ಹೌದು. ರಾಜಕೀಯ ಕೈದಿಯಾಗಿ ಜೈಲಿನಲ್ಲಿದ್ದುಕೊಂಡೇ ಒಂದು ಸಿನಿಮಾದ ಚಿತ್ರೀಕರಣಕ್ಕೆ ಬಂದುಹೋಗುತ್ತಿದ್ದರು.

ಪಾತ್ರಕ್ಕಾಗಿ ಅವರು ಬಾಂಬೆಯಲ್ಲಿ ಹಾಲು ಮಾರುವ ಉತ್ತರ ಭಾರತದ ವಲಸಿಗರ ನಡುವೆ ಓಡಾಡಿ ಅವರು ಕೂರುವ ರೀತಿ, ರುಮಾಲು ಸುತ್ತುವ ರೀತಿ ನೋಡಿಕೊಂಡರು. ಕಲ್ಕತ್ತದಲ್ಲಿ ನಿಜವಾದ ರಿಕ್ಷಾ ಎಳೆದರು. ಅಲ್ಲೊಮ್ಮೆ, ಇದು ನನ್ನ ಕೈಲಾಗಲ್ಲ ಅಂತ ಅವರು ಕುಸಿದು ಕೂತಿದ್ದರಂತೆ. ಆಗ ಬಿಹಾರದ ಒಬ್ಬ ನಡುವಯಸ್ಸಿನ ರಿಕ್ಷಾದವನು ಬಂದು ಏನು ನಡೀತಿದೆ ಅಂತ ವಿಚಾರಿಸಿದ. ಸಾಹ್ನಿ ಸಿನಿಮಾದ ಕತೆ ಹೇಳಿದರು. ಕೇಳಿ ಅವನ ಕಣ್ಣು ತುಂಬಿ ಬಂತು. ಅವನ ಎರಡು ಬಿಘಾವೂ ಹದಿನೈದು ವರ್ಷದಿಂದ ಜಮೀನ್ದಾರನ ಹತ್ತಿರ ಅಡಮಾನ ಇತ್ತು. ಬಿಡಿಸಿಕೊಳ್ಳೋಕೆ ಅಂತ ಕಲ್ಕತ್ತಕ್ಕೆ ಬಂದವನು ಇನ್ನೂ ಎಳೆಯುತ್ತಲೇ ಇದ್ದ. ನಟನೆಯ ಸಿದ್ಧಾಂತಗಳ ಬಗ್ಗೆ ತಲೆಕೆಡಿಸಿಕೊಳ್ಳೋದನ್ನು ಸಾಹ್ನಿ ಆ ದಿನವೇ ಬಿಟ್ಟರು ಅಂತ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಅಲ್ಲಿವರೆಗೆ ಪೌರಾಣಿಕ ಸಿನಿಮಾಗಳಲ್ಲಿ ದೇವಿಯಾಗಿ ಕಾಣಿಸುತ್ತಿದ್ದ ನಿರುಪಾ ರಾಯ್ ಇಲ್ಲಿ ಹೆಂಡತಿ ಪಾರ್ವತಿಯಾದರು. ಮಗ ಕನ್ಹಯ್ಯ ಅಪ್ಪನ ಬೆನ್ನು ಹತ್ತಿ ಕಲ್ಕತ್ತಕ್ಕೆ ಬಂದು ಬೂಟ್ ಪಾಲಿಶ್ ಮಾಡುತ್ತಾನೆ. ಇಡೀ ಸಿನಿಮಾದಲ್ಲಿ ಮರೆಯೋಕಾಗದ ದೃಶ್ಯ ಅಂದ್ರೆ ರಿಕ್ಷಾ ಓಟದ್ದು. ಹುಡುಗಿಯ ಹಿಂದೆ ಬಿದ್ದ ಸವಾರಿಯೊಬ್ಬ ಇನ್ನೂ ಜೋರಾಗಿ ಓಡು, ಇನ್ನೂ ಹಣ ಕೊಡ್ತೀನಿ ಅಂತ ಶಂಭುವನ್ನು ಓಡಿಸುತ್ತಾನೆ. ಅವನಿಗೆ ಅದು ತಮಾಷೆ, ಶಂಭುವಿಗೆ ಗಡುವು. ಚಕ್ರ ಕಳಚುತ್ತೆ, ಶಂಭು ಬೀಳುತ್ತಾನೆ. ಹತ್ತು ನಿಮಿಷದಲ್ಲಿ ಊಟ ತಲುಪಿಸುವ ಆ್ಯಪ್‌ಗಳ ಕಾಲದಲ್ಲಿ ಆ ದೃಶ್ಯ ನೋಡುವಾಗ ಕೂತಲ್ಲಿ ಕೂರೋಕಾಗಲ್ಲ.

ಬೇಲಿಯ ಆಚೆ ಈಚೆ

ಗಂಡ ಮಗನನ್ನು ಹುಡುಕಿಕೊಂಡು ಪಟ್ಟಣಕ್ಕೆ ಬಂದ ಪಾರ್ವತಿಗೆ ಕಾರು ಬಡಿಯುತ್ತೆ. ಕೂಡಿಟ್ಟ ಹಣ ಚಿಕಿತ್ಸೆಗೆ ಹೋಗುತ್ತೆ. ಜಮೀನು ಹರಾಜಾಗುತ್ತೆ. ಮೂವರೂ ಊರಿಗೆ ವಾಪಸ್ ಬಂದರೆ ಹೊಲ ಇದ್ದ ಜಾಗದಲ್ಲಿ ಕಾರ್ಖಾನೆ ಏಳುತ್ತಿದೆ. ಶಂಭು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಳ್ಳುತ್ತಾನೆ. ಕಾವಲುಗಾರ ಅದನ್ನೂ ಬಿಡಲ್ಲ.

ಈ ಕೊನೆ ಬಂದ ವರ್ಷ 1953. ಮೊದಲ ಪಂಚವಾರ್ಷಿಕ ಯೋಜನೆ ನಡೆಯುತ್ತಿತ್ತು. ಅಣೆಕಟ್ಟು, ಕಾರ್ಖಾನೆಗಳೇ ಹೊಸ ದೇಶದ ಗುರುತು ಅನ್ನುವ ಕಾಲ. ಜಮೀನ್ದಾರಿ ರದ್ದು ಮಾಡುವ ಪಶ್ಚಿಮ ಬಂಗಾಳದ ಕಾಯ್ದೆಯದೂ ಅದೇ ಇಸವಿ. ಹಳೇ ಶತ್ರು ಹೋಗ್ತಾನೆ, ಹೊಸ ಯುಗ ಬರುತ್ತೆ ಅಂತ ಎಲ್ಲರೂ ನಂಬಿದ್ದಾಗ, ಜಮೀನ್ದಾರನೇ ಮಿಲ್ ಪಾಲುದಾರನಾಗಿ ಬಂದರೆ ಏನು ಮಾಡ್ತೀರಿ ಅಂತ ಈ ಸಿನಿಮಾ ಕೇಳಿತು. ಬಿಮಲ್ ರಾಯ್ ಕಾರ್ಖಾನೆಯ ವಿರೋಧಿ ಆಗಿರಲಿಲ್ಲ. ಆ ಕಾರ್ಖಾನೆಯ ಲೆಕ್ಕದಲ್ಲಿ ಶಂಭು ಯಾವ ಕಾಲಮ್ಮಿನಲ್ಲಿ ಬರ್ತಾನೆ ಅನ್ನೋದು ಅವರ ಪ್ರಶ್ನೆ. ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆಯನ್ನು ಬದಲಿಸೋಕೆ ಸ್ವತಂತ್ರ ಭಾರತಕ್ಕೆ 2013ರವರೆಗೆ ಬೇಕಾಯ್ತು ಅನ್ನೋದನ್ನು ನೆನಪಿಟ್ಟುಕೊಂಡರೆ, ಅವರು ಎಷ್ಟು ಬೇಗ ಕೇಳಿದರು ಅಂತ ಗೊತ್ತಾಗುತ್ತೆ.

1954ರ ಕಾನ್ ಚಿತ್ರೋತ್ಸವದಲ್ಲಿ ಸಿನಿಮಾಕ್ಕೆ ಬಹುಮಾನ ಬಂತು. ಅದೇ ವರ್ಷ ಶುರುವಾದ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶಕ ಎರಡೂ ಇದಕ್ಕೇ. 'ಪಥೇರ್ ಪಾಂಚಾಲಿ' ಬರೋಕೆ ಇನ್ನೂ ಒಂದು ವರ್ಷ, 'ಮದರ್ ಇಂಡಿಯಾ' ಬರೋಕೆ ಮೂರು ವರ್ಷ ಬಾಕಿ ಇತ್ತು.

ಕಾಣಿಸದೇ ಉಳಿದದ್ದು

ಹೊಗಳಿಕೆ ಸಾಕು. ಇವತ್ತು ನೋಡುವಾಗ ಕೇಳಲೇಬೇಕಾದ ಪ್ರಶ್ನೆಗಳೂ ಇವೆ.

ಈ ಸಿನಿಮಾಕ್ಕೆ ವರ್ಗ ಚೆನ್ನಾಗಿ ಕಾಣುತ್ತೆ, ಜಾತಿ ಕಾಣಲ್ಲ. ಶಂಭು ಬಡವ, ಅಷ್ಟೇ. ಪಕ್ಕದಲ್ಲಿ ನಮ್ಮ 'ಚೋಮನ ದುಡಿ'ಯನ್ನು ಇಟ್ಟು ನೋಡಿ. ಶಿವರಾಮ ಕಾರಂತರ ಕಾದಂಬರಿ 1933ರದ್ದು, ಬಿ.ವಿ. ಕಾರಂತರ ಸಿನಿಮಾ 1975ರದ್ದು. ಅಲ್ಲೂ ಸಾಲ ಇದೆ, ಸಾಲ ತೀರಿಸೋಕೆ ಮಕ್ಕಳು ಕಾಫಿ ತೋಟಕ್ಕೆ ಹೋಗ್ತಾರೆ. ಆದರೆ ಚೋಮನಿಗೆ ಕಳೆದುಕೊಳ್ಳೋಕೆ ಎರಡು ಬಿಘಾ ಅನ್ನೋದೇ ಇಲ್ಲ. ಅಸ್ಪೃಶ್ಯ ಅನ್ನುವ ಕಾರಣಕ್ಕೇ ಅವನಿಗೆ ಬೇಸಾಯದ ಭೂಮಿ ಸಿಗಲ್ಲ. ಜಮೀನು ಕಿತ್ತುಕೊಂಡ ಕತೆಗೆ ಕಣ್ಣೀರು ಹಾಕುವ ದೇಶ, ಜಮೀನನ್ನೇ ಕೊಡದ ಕತೆಗೆ ಅಷ್ಟು ಸುಲಭವಾಗಿ ಅಳಲ್ಲ.

ಬಿಮಲ್ ರಾಯ್ ಜಾತಿಯನ್ನು ನೇರವಾಗಿ ಮುಟ್ಟಿದ್ದು 1959ರ 'ಸುಜಾತಾ'ದಲ್ಲಿ. ಬ್ರಾಹ್ಮಣರ ಮನೆಯಲ್ಲಿ ಬೆಳೆದ ಅಸ್ಪೃಶ್ಯ ಹುಡುಗಿಯಾಗಿ ನೂತನ್ ಅದ್ಭುತವಾಗಿ ನಟಿಸಿದರು. ಆದರೆ ಆ ಮನೆಯ ತಾಯಿ ಅವಳನ್ನು ಮಗಳು ಅಂತ ಒಪ್ಪೋದು ಅವಳು ರಕ್ತ ಕೊಟ್ಟು ತನ್ನ ಜೀವ ಉಳಿಸಿದ ಮೇಲೆ. ಮನುಷ್ಯಳು ಅನ್ನಿಸಿಕೊಳ್ಳೋಕೆ ದಲಿತ ಹೆಣ್ಣು ತನ್ನ ಒಳ್ಳೆಯತನವನ್ನು ಸಾಬೀತು ಮಾಡಬೇಕು ಅನ್ನುವ ಈ ಷರತ್ತು ಗಾಂಧಿಯುಗದ ಸುಧಾರಣೆಯ ಮಿತಿ. ಶಂಭುವಿನ ಕತೆಯಲ್ಲೂ ಇದೇ ನೆರಳಿದೆ. ಮಗ ಕದ್ದು ತಂದ ಹಣವನ್ನು ಅಪ್ಪ ಮುಟ್ಟಲ್ಲ. ಸುಳ್ಳು ಲೆಕ್ಕ ಬರೆದವನು ಊರಿಗೆ ದೊಡ್ಡವನಾಗಿಯೇ ಇರ್ತಾನೆ. ನೀತಿಯ ಪರೀಕ್ಷೆ ಯಾವಾಗಲೂ ಬಡವನಿಗೇ ಯಾಕೆ ಅಂತ ಸಿನಿಮಾ ಕೇಳಲ್ಲ.

ಹಾಗಂತ ಇದನ್ನು ಪಕ್ಕಕ್ಕೆ ಎತ್ತಿಡೋದು ಸರಿಯಲ್ಲ. ಶಂಭುವಿನ ಕೊನೆಯನ್ನು ಸಿಹಿ ಮಾಡೋದು ಸುಲಭ ಇತ್ತು, ಮಾರುಕಟ್ಟೆಗೂ ಅದೇ ಇಷ್ಟವಾಗುತ್ತಿತ್ತು. ಜಮೀನ್ದಾರನಿಗೆ ಮನಸ್ಸು ಕರಗೋದು, ಇಲ್ಲವೇ ಒಳ್ಳೇ ನ್ಯಾಯಾಧೀಶ ಬರೋದು. ಬಿಮಲ್ ರಾಯ್ ಅದನ್ನು ಮಾಡಲಿಲ್ಲ.

ಐವತ್ತಾರಕ್ಕೆ ಮುಗಿದ ಬದುಕು

ನಂತರದ ಹತ್ತು ವರ್ಷ ಅವರು ಬಿಡುವಿಲ್ಲದೆ ಕೆಲಸ ಮಾಡಿದರು. 'ಪರಿಣೀತಾ', 'ಬಿರಾಜ್ ಬಹೂ', ನಿರುದ್ಯೋಗದ ಬಗ್ಗೆ 'ನೌಕರಿ', ಆಮೇಲೆ 'ದೇವದಾಸ್'. ಹಣದ ಮುಗ್ಗಟ್ಟು ಬಂದಾಗ ಋತ್ವಿಕ್ ಘಟಕ್ ಕತೆ ಬರೆದುಕೊಟ್ಟ 'ಮಧುಮತಿ' 1958ರಲ್ಲಿ ಭಾರಿ ಯಶಸ್ಸು ಕಂಡು ಸಂಸ್ಥೆಯನ್ನು ಉಳಿಸಿತು. ಗಮನಿಸಿ ನೋಡಿದರೆ ಆ ಪುನರ್ಜನ್ಮದ ಪ್ರೇಮಕತೆಯಲ್ಲೂ ಒಬ್ಬ ಜಮೀನ್ದಾರನೇ ಖಳನಾಯಕ. 1963ರ 'ಬಂದಿನಿ'ಯಲ್ಲಿ ಕೊಲೆ ಮಾಡಿ ಜೈಲು ಸೇರಿದ ಹೆಣ್ಣಿನ ಮನಸ್ಸನ್ನು ತೀರ್ಪು ಕೊಡದೆ ನೋಡಿದರು. ಗುಲ್ಜಾರ್ ಮೊದಲ ಹೆಜ್ಜೆಗಳನ್ನು ಇಟ್ಟಿದ್ದು ಈ ಸಿನಿಮಾದಲ್ಲೇ. ಅತ್ಯುತ್ತಮ ನಿರ್ದೇಶಕ ಅಂತ ಫಿಲ್ಮ್‌ಫೇರ್ ಅವರಿಗೆ ಏಳು ಸಲ ಪ್ರಶಸ್ತಿ ಕೊಟ್ಟಿತು.

ಕುಂಭಮೇಳದ ಬಗ್ಗೆ ಒಂದು ಸಿನಿಮಾ ಮಾಡುವ ಆಸೆ ಇತ್ತು, ಅದು ಮುಗಿಯಲಿಲ್ಲ. ಸಿಗರೇಟು ಬಿಡದ ಆ ಮನುಷ್ಯನಿಗೆ ಕ್ಯಾನ್ಸರ್ ಬಂತು. 1966ರ ಜನವರಿ 8ರಂದು ತೀರಿಕೊಂಡಾಗ ವಯಸ್ಸು 56.

'ದೋ ಬಿಘಾ ಜಮೀನ್'ನಷ್ಟು ಒರಟಾದ ಸಿನಿಮಾವನ್ನು ಅವರು ಮತ್ತೆ ಮಾಡಲಿಲ್ಲ ಅನ್ನೋದು ನಿಜ. ಆದರೆ ಆ ಒಂದರಲ್ಲೇ ಅವರು ತೋರಿಸಿಕೊಟ್ಟ ವಿಷಯ ಇವತ್ತಿನ ನಮಗೆ ನೇರವಾಗಿ ಬೇಕಾಗಿದೆ. ಭೂಮಿಯ ರಾಜಕೀಯ ಅಂದ ಕೂಡಲೇ ನಾವು ಲಾಠಿ, ಬುಲ್ಡೋಜರ್ ಬರೋದನ್ನು ಕಾಯ್ತೀವಿ. ವಿಡಿಯೋ ವೈರಲ್ ಆಗೋದು ಆಗಲೇ. ಅಷ್ಟರಲ್ಲಿ ನೋಟಿಫಿಕೇಶನ್ ಹೊರಟಿರುತ್ತೆ, ಪಹಣಿಯಲ್ಲಿ ಒಂದು ಸಾಲು ಬದಲಾಗಿರುತ್ತೆ, ಆಕ್ಷೇಪಣೆಯ ಗಡುವು ಮುಗಿದಿರುತ್ತೆ. 2020ರಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳೋಕೆ ದಾರಿ ತೆರೆದದ್ದೂ ಒಂದು ಕಾಗದದ ಮೂಲಕವೇ.

ಚನ್ನರಾಯಪಟ್ಟಣ ಹೋಬಳಿಯ ರೈತರು ಅಂಥ ಕಾಗದವನ್ನು ಸಕಾಲಕ್ಕೆ ಓದಿದರು, ಒಟ್ಟಾಗಿ ಓದಿದರು, ಮೂರು ವರ್ಷ ಕದಲದೆ ಕೂತರು. ಶಂಭು ಕೋರ್ಟಿಗೆ ಒಬ್ಬನೇ ಹೋಗಿದ್ದ.